ಬೆನ್ನ ಹಿಂದೆ ಗುಡುಗುವ ಎಂಜಿನ್

ಮುಂದಿದ್ದ ಎಂಜಿನ್ನನ್ನು ಹಿಂದಿನ ಸೀಟಿನ ಜಾಗಕ್ಕೆ ತಂದು ಕೂರಿಸಿದರೆ? ರೆನೋ ಕಂಪನಿ 1980ರಲ್ಲಿ ಹಾಗೇ ಮಾಡಿತು. ಮನೆಮಂದಿಯ ಪುಟ್ಟ ರೆನೋ 5, ರ‍್ಯಾಲಿಗೆಂದೇ ಹುಟ್ಟಿದ ರೆನೋ 5 ಟರ್ಬೊ ಆಯಿತು. 1397 ಸಿಸಿ ಟರ್ಬೊ ಎಂಜಿನ್, ಎಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಗಳಿಗೆ, ಅವುಗಳ ಮೇಲೆ ಉಬ್ಬಿದ ಅಗಲವಾದ ಮೈ. 1981ರ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಜಾನ್ ರಾಗ್ನೊಟಿ ಗೆದ್ದದ್ದು ಇದರಲ್ಲೇ.

ಸಕಲೇಶಪುರದ ಬಿಸಿಲೆ ಘಾಟಿಯಲ್ಲಿ ಕಾರು ಓಡಿಸಿದವರಿಗೆ ಇದರ ಗುಟ್ಟು ಬೇಗ ಹೊಳೆಯುತ್ತದೆ. ಮೂತಿ ಭಾರವಾದ ಕಾರು ವೇಗದಲ್ಲಿ ತಿರುವು ಬಿಟ್ಟು ನೇರ ಹೋಗಲು ಹವಣಿಸುತ್ತದೆ. ಭಾರ ನಡುವಿಗೆ ಬಂದರೆ ಮೂತಿ ಚುರುಕಾಗಿ ಹೊರಳುತ್ತದೆ, ಹಿಂದಿನ ಚಕ್ರಗಳು ನೆಲ ಕಚ್ಚಿ ತಳ್ಳುತ್ತವೆ. ಆದರೆ ತಿರುವಿನ ಮಧ್ಯೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಂಬದಿ ಜಾರುತ್ತದೆ. ಇದು ಪಳಗಿದ ಕೈಯನ್ನೇ ಬೇಡುವ ಕಾರು.

ರ‍್ಯಾಲಿಯ ಗ್ರೂಪ್ ಬಿ ವಿಭಾಗದಲ್ಲಿ ಸ್ಪರ್ಧಿಸಲು ಅದೇ ಮಾದರಿಯ 200 ಕಾರು ತಯಾರಿಸಲೇಬೇಕೆಂಬ ನಿಯಮವಿತ್ತು. ಅದರಿಂದಲೇ, ಹೀಗೇ ನಡುವೆ ಎಂಜಿನ್ ಹೊತ್ತ ಪ್ಯೂಜೊ 205 ಟರ್ಬೊ 16 ಸಾಮಾನ್ಯ ರಸ್ತೆಗೂ ಇಳಿಯಿತು. 1985, 1986ರಲ್ಲಿ ವಿಶ್ವ ರ‍್ಯಾಲಿ ಪಟ್ಟವನ್ನೂ ಗೆದ್ದಿತು.

ಇಂಥ ಓಟ ನಮಗೂ ಹೊಸದಲ್ಲ: ಸಕಲೇಶಪುರದ ನೆರೆಯ ಚಿಕ್ಕಮಗಳೂರಿನ ಕಾಫಿ ತೋಟಗಳು ಏಷ್ಯಾ ಪೆಸಿಫಿಕ್ ರ‍್ಯಾಲಿಯನ್ನೇ ಕಂಡಿವೆ. ಆಲೂರು, ಸಕಲೇಶಪುರದ ಕೆಮ್ಮಣ್ಣಿನ ಹಾದಿಗಳೂ ಅದೇ ಜಾತಿಯವು. ಇಂಥ ದಾರಿಗೆ ದೊಡ್ಡ ಕಾರಲ್ಲ, ಭಾರವನ್ನು ಸರಿಯಾದ ಕಡೆ ಇಟ್ಟ ಸಣ್ಣ ಕಾರೇ ಸೊಗಸು.