ಪ್ರವಾಸಕಥನ ಓದುವ ಬಗೆ

ಪ್ರವಾಸಕಥನ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಬರೆದವರ ಸ್ವಂತ ಊರನ್ನು. ಹೋದ ದೇಶದ ವಿವರ ಎಲ್ಲಿ ಬೇಕಾದರೂ ಸಿಗುತ್ತದೆ. ಆ ದೇಶ ಇವರ ಕಣ್ಣಿಗೆ ಹೀಗೇ ಯಾಕೆ ಕಂಡಿತು ಅನ್ನುವುದು ತಿಳಿಯಬೇಕಾದರೆ ಅವರ ಬೆನ್ನ ಹಿಂದಿನ ಊರು ಗೊತ್ತಿರಬೇಕು. ಹೊಸದಾಗಿ ಓದಲು ಕೂತವರಿಗೆ ನಾನು ಕೊಡಬಲ್ಲ ಮೊದಲ ಕೀಲಿಕೈ ಇದು.

ಪೆದ್ದೆಮುಲ್, ತಾಂಡೂರು ಕಡೆಯ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರ ತನಕ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಗುಲಬರ್ಗಾ ಜಿಲ್ಲೆಯಲ್ಲಿದ್ದವು, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿತ್ತು. ಆ ದಿನ ಇವೆಲ್ಲ ಆಂಧ್ರಪ್ರದೇಶಕ್ಕೆ ಸೇರಿದವು, 2014ರಲ್ಲಿ ತೆಲಂಗಾಣವಾದವು. ಹೊಲ, ಬಾವಿ, ಗುಡಿ ಇದ್ದಲ್ಲೇ ಇದ್ದವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ದಖನಿ ಆಡಿ ಬೆಳೆದವರಿಗೆ ಹುಟ್ಟಿದೂರನ್ನೇ ಹೊರಗಿನವರ ಹಾಗೆ ನೋಡುವುದು ರೂಢಿಯಾಗಿರುತ್ತದೆ. ಪ್ರವಾಸಕಥನ ಓದುವುದಕ್ಕೆ ಇದಕ್ಕಿಂತ ಒಳ್ಳೆಯ ತರಬೇತಿ ಇಲ್ಲ.

ನಮ್ಮ ನದಿಯ ದಂಡೆಯಿಂದಲೇ ಶುರುಮಾಡೋಣ. ತಾಂಡೂರಿನ ಪಕ್ಕ ಹರಿಯುವ ಕಾಗಿಣಾ ಕೆಳಗೆ ಮಳಖೇಡ ಮುಟ್ಟುತ್ತಾಳೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ, ಕವಿರಾಜಮಾರ್ಗ ಹುಟ್ಟಿದ ಆಸ್ಥಾನ. 10ನೇ ಶತಮಾನದ ಅರಬ್ ಪ್ರವಾಸಿ ಅಲ್ ಮಸೂದಿ ಈ ರಾಜಧಾನಿಯನ್ನು ಮಾನ್ಕೀರ್ ಎಂದು ಕರೆದ, ದೊರೆಯನ್ನು ಬಲ್ಹರಾ ಎಂದ. ಸಮುದ್ರದಿಂದ ಅದು ಎಷ್ಟು ದೂರ ಅನ್ನುವ ಲೆಕ್ಕವನ್ನೂ ಬರೆದಿಟ್ಟ. ಒಳನಾಡಿನ ಪಟ್ಟಣವನ್ನು ಸಮುದ್ರದಿಂದ ಅಳೆಯುವವನು ಯಾರು? ಹಡಗಿನ ದಾರಿಗಳನ್ನು ಬಲ್ಲ ಲೋಕದಿಂದ ಬಂದವನು. ಮಾನ್ಯಖೇಟದವನೇ ಬರೆದಿದ್ದರೆ ಸಮುದ್ರದ ಮಾತೇ ಬರುತ್ತಿರಲಿಲ್ಲವೇನೋ. ಇಂಥ ಜಾಗಗಳಲ್ಲಿ ಪೆನ್ಸಿಲಿನ ಗೆರೆ ಎಳೆಯಿರಿ. ಹೊರಗಿನವರು ನಮ್ಮನ್ನು ಕಂಡ ಬಗೆಯನ್ನು ಇನ್ನಷ್ಟು ಓದುವ ಆಸೆಯಿದ್ದರೆ ಎಚ್.ಎಲ್. ನಾಗೇಗೌಡರ ‘ಪ್ರವಾಸಿ ಕಂಡ ಇಂಡಿಯಾ’ದ ಸಂಪುಟಗಳಿವೆ.

ಎರಡನೆಯದಾಗಿ, ಹೊಗಳಿಕೆಯ ಮಾತುಗಳನ್ನು ಸೋಸಿ ನೋಡಿ. ತಾಂಡೂರಿಗೆ ಇಬ್ಬರು ಬಂದರು ಅಂದುಕೊಳ್ಳಿ. ಒಬ್ಬರು ‘ಕಲ್ಲಿನ ಊರು, ಬರೀ ಧೂಳು’ ಎಂದು ಬರೆದು ಹೋದರು. ಇನ್ನೊಬ್ಬರು ಗಣಿಯ ಅಂಚಿನಲ್ಲಿ ನಿಂತರು. ಫರಸಿ ನೆಲದೊಳಗೆ ಪದರು ಪದರಾಗಿ ಮಲಗಿರುವುದು, ಒಂದು ಪದರು ನೀಲಿ ಮತ್ತೊಂದು ಹಳದಿಯಾಗಿರುವುದು, ಕೊಯ್ಯುವ ಗಾಲಿಯ ಮೇಲೆ ಸತತ ನೀರು ಬಿಡುವುದು, ಆ ನೀರು ಬಿಳಿ ರಾಡಿಯಾಗಿ ಹರಿದು ದಾರಿ ಬದಿಯಲ್ಲಿ ಒಣಗುವುದು, ಒಣಗಿದ ಪುಡಿ ಗಾಳಿಗೆದ್ದು ಬೇವಿನ ಎಲೆ ಮೇಲೆ ಕೂರುವುದು, ಇವಿಷ್ಟನ್ನು ಬರೆದರು. ಧೂಳನ್ನು ಇಬ್ಬರೂ ಕಂಡರು. ಅದು ಎಲ್ಲಿಂದ ಬಂತು, ಯಾರ ಎದೆಯೊಳಗೆ ಇಳಿಯುತ್ತದೆ ಅನ್ನುವುದು ಎರಡನೆಯವರಿಗೆ ಮಾತ್ರ ಗೊತ್ತು. ನನ್ನ ಮಟ್ಟಿಗೆ ರಸ ಇರುವುದು ಅಲ್ಲೇ.

ಈ ಗುಣ ಪೂರ್ತಿಯಾಗಿ ಸಿಗಬೇಕಾದರೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಸಸ್ಯಶಾಸ್ತ್ರದ ಮೇಷ್ಟ್ರು, ಗಿಡಕ್ಕೂ ಹುಡುಗರ ತುಂಟತನಕ್ಕೂ ಅಷ್ಟೇ ಗಮನ ಕೊಡುತ್ತಾರೆ. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎರಡೇ ವರ್ಷಕ್ಕೆ ಅದೇ ಪ್ರಶಸ್ತಿ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ ಸಂದಿತು. ಹೇಮಾವತಿ ದಂಡೆಯ ಹಳ್ಳಿಯನ್ನು ಜೀವಮಾನವಿಡೀ ಬರೆದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಮುಪ್ಪಿನಲ್ಲಿ ಅಮೆರಿಕ ನೋಡಿದರು. ಅವರ ಹಳ್ಳಿಯ ಪ್ರಬಂಧಗಳನ್ನು ಮೊದಲು ಓದಿಕೊಂಡು ಇದಕ್ಕೆ ಬನ್ನಿ, ಸ್ವಾದ ಇಮ್ಮಡಿಯಾಗುತ್ತದೆ. ಕಾರಂತರ ‘ಅಪೂರ್ವ ಪಶ್ಚಿಮ’, ಎ.ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’, ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’, ರಹಮತ್ ತರೀಕೆರೆಯವರ ‘ಅಂಡಮಾನ್ ಕನಸು’ ಆಮೇಲೆ ಯಾವ ಕ್ರಮದಲ್ಲಾದರೂ ಆದೀತು.

ಓದುತ್ತಾ ಹೋದಂತೆ ಒಂದು ಪ್ರಶ್ನೆ ಏಳಬೇಕು: ನೋಡಿ ಸುಮ್ಮನಿರದೆ ಇವರು ಬರೆದದ್ದು ಯಾಕೆ? ಹೋಗಿಬಂದೆ ಅಂತ ತೋರಿಸಿಕೊಳ್ಳಲು ಬರೆದದ್ದು ಹತ್ತು ಪುಟದಲ್ಲಿ ಬಯಲಾಗುತ್ತದೆ, ಅಲ್ಲಿ ಅನ್ಯರ ದನಿಯೇ ಇರುವುದಿಲ್ಲ. ಬಾಳಿದ ಊರಿಗೂ ಕಂಡ ಊರಿಗೂ ಮನಸ್ಸಿನಲ್ಲಿ ನಡೆದ ತಕರಾರು ತೀರದೆ ಬರೆದವರೂ ಇದ್ದಾರೆ. ನಮ್ಮ ಗಡಿಯಲ್ಲಿ ಅಂಥ ತಕರಾರು ಮನೆಮನೆಗೂ ಇದೆ. ಬರೆದಿಟ್ಟವರು ಕಡಿಮೆ ಎಂಬುದು ನನ್ನ ಕೊರಗು.

ಒಂದೆರಡು ಪುಸ್ತಕ ಮುಗಿದ ಮೇಲೆ ತಾಂಡೂರಿನಿಂದ ವಾಡಿ ಕಡೆಯ ಪ್ಯಾಸೆಂಜರ್ ಹತ್ತಿ. ನಿಜಾಮರ ಕಾಲಕ್ಕೆ, 1874ರಲ್ಲಿ, ಓಡಾಟ ಶುರುವಾದ ದಾರಿ ಅದು. ಸೇಡಂ ದಾಟಿ ಮಳಖೇಡ ರೋಡಿನಲ್ಲಿ ಇಳಿದು ಕಾಗಿಣಾ ದಂಡೆಯ ಕೋಟೆ ನೋಡಿ ಬನ್ನಿ. ಹೋಗುವಾಗ ಯಾವ ನಿಲ್ದಾಣದ ಹತ್ತಿರ ಡಬ್ಬಿಯೊಳಗಿನ ಮಾತು ತೆಲುಗಿನಿಂದ ಕನ್ನಡಕ್ಕೆ ಹೊರಳಿತು, ಯಾರು ಹೊರಳಿಸಿದರು, ಏನು ಮಾತಾಡುತ್ತಿದ್ದರು, ಅದನ್ನು ಅಂದೇ ರಾತ್ರಿ ಬರೆದಿಡಿ.