‘ವೆನಮ್’ ದೋಷದ ಸ್ವರೂಪ: ಒಂದು ವಿಮರ್ಶೆ

2015ನೆಯ ಇಸವಿ ಮೇ ತಿಂಗಳ 13ರಂದು ‘ಕ್ಯೂಎಮು’ ಎಂಬ ತಂತ್ರಾಂಶದಲ್ಲಿದ್ದ ಒಂದು ದೋಷವು ‘ವೆನಮ್’ ಎಂಬ ಹೆಸರಿನಿಂದ ಪ್ರಕಟವಾಯಿತು. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಜೇಸನ್ ಗೆಫ್ನರ್ ಅವರು ಅದನ್ನು ಕಂಡುಹಿಡಿದರು. ಸಿವಿಇ-2015-3456 ಎಂಬುದು ಅದರ ದಾಖಲೆಯ ಸಂಖ್ಯೆ. ಈ ವಿಷಯವಾಗಿ ಅಂದು ಹೊರಟ ಬರೆಹಗಳಲ್ಲಿ ಎರಡು ಅಭಿಪ್ರಾಯಗಳು ಬಲವಾಗಿ ಕಾಣಿಸಿಕೊಂಡವು. ಇದು 2014ರ ‘ಹಾರ್ಟ್‌ಬ್ಲೀಡ್’ ದೋಷಕ್ಕಿಂತಲೂ ಮಿಗಿಲಾದ ವಿಪತ್ತು ಎಂಬುದು ಒಂದು. ಬಳಕೆ ತಪ್ಪಿದ ಫ್ಲಾಪಿ ಡ್ರೈವನ್ನು ವೃಥಾ ಉಳಿಸಿಕೊಂಡದ್ದೇ ಇದಕ್ಕೆ ಮೂಲವೆಂಬುದು ಮತ್ತೊಂದು. ಇವೆರಡೂ ಪೂರ್ಣವಾಗಿ ಒಪ್ಪತಕ್ಕವಲ್ಲವೆಂದು ನಮಗೆ ತೋರುತ್ತದೆ. ದೋಷದ ಸ್ವರೂಪವನ್ನು ಮೊದಲು ನೋಡಿ, ಅನಂತರ ಇವುಗಳನ್ನು ಪರಿಶೀಲಿಸಬಹುದು.

ಒಂದೇ ಯಂತ್ರದಲ್ಲಿ ಹಲವು ಕಾರ್ಯಾಚರಣ ವ್ಯವಸ್ಥೆಗಳು, ತಮಗೊಂದೊಂದು ಪ್ರತ್ಯೇಕ ಯಂತ್ರವಿದೆ ಎಂಬಂತೆ ನಡೆಯುವುದೇ ವರ್ಚುವಲೀಕರಣ. ಒಳಗಿನ ವ್ಯವಸ್ಥೆಯನ್ನು ಅತಿಥಿಯೆಂದೂ ಹೊರಗಿನದನ್ನು ಆತಿಥೇಯವೆಂದೂ ಕರೆಯುವುದು ವಾಡಿಕೆ. ಅತಿಥಿಯು ತನ್ನದೆಂದು ಭಾವಿಸುವ ಡಿಸ್ಕು, ಜಾಲದ ಕಾರ್ಡು, ಫ್ಲಾಪಿ ಇವೆಲ್ಲ ವಾಸ್ತವವಾಗಿ ಆತಿಥೇಯದಲ್ಲಿ ನಡೆಯುವ ಅನುಕರಣಗಳು. ಕ್ಯೂಎಮುವಿನ ಕೆಲಸ ಈ ಅನುಕರಣವೇ.

ಫ್ಲಾಪಿ ಕಂಟ್ರೋಲರಿನ ಅನುಕರಣದಲ್ಲಿ ಅತಿಥಿಯು ಕಳುಹಿಸುವ ಆಜ್ಞೆಗಳನ್ನೂ ಅವುಗಳ ವಿವರಗಳನ್ನೂ ಕೂಡಿಡಲು 512 ಬೈಟುಗಳ ಒಂದು ಬಫರ್ ಇತ್ತು. ಪ್ರತಿಯೊಂದು ಬೈಟು ಬಂದಂತೆ ಸ್ಥಾನಸೂಚಕವು ಒಂದೊಂದಾಗಿ ಏರುತ್ತಿತ್ತು. ಅದು ನಿಯತವಾದ ಉದ್ದಕ್ಕೆ ಸಮನಾದಾಗ ಆಜ್ಞೆ ನಡೆದು, ಸೂಚಕವು ಸೊನ್ನೆಗೆ ಮರಳಬೇಕು. ಎರಡು ಆಜ್ಞೆಗಳಲ್ಲಿ ಮಾತ್ರ ಈ ಮರಳುವಿಕೆ ಒಡನೆಯೇ ನಡೆಯುತ್ತಿರಲಿಲ್ಲ. ಒಮ್ಮೆ ಉದ್ದವನ್ನು ದಾಟಿದ ಸೂಚಕವನ್ನು ತಡೆಯುವವರಾರು? ಅಲ್ಲಿದ್ದ ಪರೀಕ್ಷೆ ‘ಸಮವಾಯಿತೆ?’ ಎಂಬುದೇ ಹೊರತು ‘ಮೀರಿತೆ?’ ಎಂಬುದಲ್ಲ. ಸಿ ಭಾಷೆಯು ತಾನಾಗಿ ಎಲ್ಲೆಯನ್ನು ಕಾಯುವುದಿಲ್ಲ. ಆದುದರಿಂದ ಅತಿಥಿಯು ಬರೆಯುತ್ತಲೇ ಹೋದರೆ 512ರ ಆಚೆಗಿನ, ಆತಿಥೇಯದ ಮೆಮೊರಿಯಲ್ಲಿಯೂ ಅದರ ಅಕ್ಷರಗಳು ಬೀಳುತ್ತಿದ್ದವು. ಅಲ್ಲಿಂದ ಮುಂದೆ ತನ್ನ ಆಜ್ಞೆಗಳನ್ನೇ ಹೊರಗೆ ನಡೆಸುವ ಅವಕಾಶ ಅದಕ್ಕೆ ದೊರೆಯುವ ಸಂಭವವಿತ್ತು. ಗೋಡೆಯೆಂದು ನಂಬಿದ್ದುದು ಬಾಗಿಲಾಯಿತು.

ಇನ್ನು ಮೊದಲನೆಯ ಅಭಿಪ್ರಾಯವನ್ನು ನೋಡೋಣ. ಹಾರ್ಟ್‌ಬ್ಲೀಡ್ ದೂರದ ಅಪರಿಚಿತನಿಗೂ ಸರ್ವರಿನ ಮೆಮೊರಿಯನ್ನು ಓದಗೊಡುತ್ತಿತ್ತು. ವೆನಮ್ ಹಾಗಲ್ಲ, ಇದನ್ನು ಬಳಸುವವನು ಅತಿಥಿಯೊಳಗೆ ನೆಲೆಸಿ, ಫ್ಲಾಪಿ ಕಂಟ್ರೋಲರನ್ನು ಮುಟ್ಟುವ ಅಧಿಕಾರ ಪಡೆದಿರಬೇಕು. ವಿಎಂವೇರ್, ಹೈಪರ್-ವಿಗಳಿಗೆ ಇದು ತಗಲಲಿಲ್ಲ; ಕ್ಸೆನ್, ಕೆವಿಎಂ, ವರ್ಚುವಲ್‌ಬಾಕ್ಸ್‌ಗಳಿಗೆ ತಗಲಿತು; ಕ್ಸೆನ್‌ನಲ್ಲಿಯೂ ಪ್ಯಾರಾವರ್ಚುವಲ್ ಅತಿಥಿಗಳಿಂದ ಅಪಾಯವಿರಲಿಲ್ಲ. ಹೀಗಾಗಿ ಹೋಲಿಕೆ ಅತಿಶಯೋಕ್ತಿಯೇ ಸರಿ. ಆದರೆ ಅಧಿಕಾರ ಬೇಕೆಂಬ ಮಾತಿನಿಂದ ಸಮಾಧಾನಪಡುವುದೂ ಯುಕ್ತವಲ್ಲ. ಯಂತ್ರವನ್ನು ಬಾಡಿಗೆಗೆ ಕೊಡುವ ಸಂಸ್ಥೆಯು ಅತಿಥಿಯೊಳಗಿನ ಸರ್ವಾಧಿಕಾರವನ್ನು ಬಾಡಿಗೆದಾರನಿಗೆ ವಹಿಸಿಯೇ ಕೊಡುತ್ತದೆ. ಅಂಥಲ್ಲಿ ಆ ಅಧಿಕಾರ ತಡೆಯಲ್ಲ, ಒಪ್ಪಂದದ ಭಾಗ. ಅದೇ ಯಂತ್ರದ ಪಕ್ಕದ ಬಾಡಿಗೆದಾರನಿಗೆ ಆ ಗೋಡೆಯೊಂದೇ ರಕ್ಷೆ.

ಎರಡನೆಯ ಅಭಿಪ್ರಾಯದಲ್ಲಿ ಅಲ್ಪ ಸತ್ಯವಿದೆ. ಕ್ಸೆನ್ ಮತ್ತು ಕ್ಯೂಎಮುಗಳಲ್ಲಿ ಫ್ಲಾಪಿ ಡ್ರೈವನ್ನು ತೆಗೆದುಹಾಕಿದರೂ, ಬೇರೊಂದು ದೋಷದಿಂದ ಕಂಟ್ರೋಲರಿನ ಭಾಗ ಎಚ್ಚರವಾಗಿಯೇ ಉಳಿಯುತ್ತಿತ್ತು. ಆದರೆ ಹಳಮೆಯೇ ಕಾರಣವೆಂದರೆ, ಅದೇ 2015ರಲ್ಲಿ ಕ್ಯೂಎಮುವಿನ ಪಿಸಿನೆಟ್ ಜಾಲಕಾರ್ಡಿನ ಅನುಕರಣದಲ್ಲಿಯೂ ಐಡಿಇ ಸಿಡಿ ಡ್ರೈವಿನ ಅನುಕರಣದಲ್ಲಿಯೂ ಹೊರಬಿದ್ದ ಇದೇ ಜಾತಿಯ ದೋಷಗಳಿಗೆ ಏನು ಹೇಳೋಣ? ಅಲ್ಲಿಯೂ ಬಫರಿನ ಎಲ್ಲೆಯನ್ನು ಮೀರಿ ಬರೆಯುವುದು ಸಾಧ್ಯವಾಗಿತ್ತು. ಫ್ಲಾಪಿಯನ್ನು ದೂರುವುದರಿಂದ ಇವು ತಪ್ಪುತ್ತಿರಲಿಲ್ಲ.

ನಿಜವಾದ ಕಾರಣ ಬೇರೆಡೆಯಲ್ಲಿದೆ. ಫ್ಯಾಬ್ರಿಸ್ ಬೆಲಾರ್ ಅವರು 2003ರಲ್ಲಿ ಕ್ಯೂಎಮುವನ್ನು ಹೊರತಂದಾಗ ಅದರ ಮುಖ್ಯ ಗುರಿ ಒಂದು ಪ್ರೊಸೆಸರಿಗೆ ಬರೆದ ಪ್ರೋಗ್ರಾಮನ್ನು ಮತ್ತೊಂದರ ಮೇಲೆ ನಡೆಸುವುದು. ಅಲ್ಲಿ ಅತಿಥಿಯೂ ಆತಿಥೇಯನೂ ಸಾಮಾನ್ಯವಾಗಿ ಒಬ್ಬನೇ; ಅತಿಥಿಯು ಕ್ರಮ ತಪ್ಪಿದರೆ ಕೆಡುವುದು ಅವನದೇ ಕೆಲಸ. ದೋಷವುಳ್ಳ ಭಾಗ 2004ರಿಂದಲೂ ಇತ್ತು. ಅನಂತರ ಕ್ಸೆನ್ ಆ ಅನುಕರಣಗಳನ್ನು ಎರವಲು ಪಡೆಯಿತು. 2007ರಲ್ಲಿ ಲಿನಕ್ಸ್ ಸೇರಿದ ಕೆವಿಎಂ ಸಹ ಅವನ್ನೇ ನೆಚ್ಚಿತು. ಅಪರಿಚಿತರ ನಡುವಣ ಗೋಡೆಯಾಗುವ ಹೊಣೆ ಹೀಗೆ ಆ ಹಳೆಯ ಸಾಲುಗಳ ಮೇಲೆ ಬಿದ್ದಿತು. ಪಾಠದಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಸಂದರ್ಭ ಬದಲಾಗಿ ಅರ್ಥವೇ ಬೇರೆಯಾಯಿತು. ಸಂದರ್ಭ ಬದಲಾದಾಗ ಪಾಠವನ್ನು ಮತ್ತೆ ಓದಬೇಕೆಂಬ ವಿವೇಕ ಹನ್ನೊಂದು ವರ್ಷ ಫಲಿಸಲಿಲ್ಲ. ಮೂಲಪಾಠವು ಲೋಕಕ್ಕೆಲ್ಲ ತೆರೆದೇ ಇದ್ದಿತೆಂಬುದು ಇಲ್ಲಿ ಗಮನಾರ್ಹ. ತೆರೆದಿಡುವುದು ಬೇರೆ, ಓದುವುದು ಬೇರೆ.

2015ರಲ್ಲಿ ಮೊದಲು ಮಾಡಿದ ತಿದ್ದುಪಡಿ ಬಹು ಕಿರಿದು: ಸೂಚಕವನ್ನು 512ರಿಂದ ಭಾಗಿಸಿ ಶೇಷವನ್ನು ಮಾತ್ರ ಸ್ಥಾನವಾಗಿ ಕೊಳ್ಳುವುದು. ಇದರಿಂದ ಬರೆಹ ಬಫರಿನಾಚೆಗೆ ಹೋಗಲಾರದು. ತುರ್ತಿನ ಪರಿಹಾರವಾಗಿ ಇದು ಸ್ತುತ್ಯವೇ; ಎಲ್ಲೆಯನ್ನು ಅತಿಥಿಯ ಸೌಜನ್ಯಕ್ಕೆ ಬಿಡದೆ, ಬರೆಯುವ ಸ್ಥಳದಲ್ಲಿಯೇ ಕಾಯುವ ಸರಿಯಾದ ತತ್ತ್ವ ಅದರಲ್ಲಿದೆ. ಆದರೆ ಸೂಚಕವು ಏಕೆ ಮರಳಲಿಲ್ಲವೆಂಬ ಪ್ರಶ್ನೆಗೆ ಅದು ಉತ್ತರವಲ್ಲ. ಬೇಲಿ ಹಾಕಿದುದಾಯಿತು, ದಾರಿ ತಿದ್ದಿದುದಾಗಲಿಲ್ಲ. ಕ್ಯೂಎಮುವನ್ನೇ ಎಸ್‌ಇಲಿನಕ್ಸ್ ಮೊದಲಾದವುಗಳ ಕಟ್ಟಿನಲ್ಲಿ ಇರಿಸುವ ಪದ್ಧತಿಯು ಎರಡನೆಯ ಗೋಡೆಯನ್ನು ಒದಗಿಸುತ್ತದೆ. ಮೊದಲನೆಯದು ಬಿರುಕುಬಿಡುವುದೆಂದು ಮುಂಚೆಯೇ ಎಣಿಸುವ ಆ ವಿನಯ ಮೆಚ್ಚತಕ್ಕದ್ದು.

ಕಡೆಯದಾಗಿ ಹೆಸರಿನ ಮಾತು. ‘ವೆನಮ್’ ಎಂದರೆ ವಿಷ. ವಿಷವೆಂದೊಡನೆ ಯಾರೋ ಬೆರೆಸಿದರೆಂಬ ಭಾವನೆ ಬರುತ್ತದೆ. ಇಲ್ಲಿ ಯಾರೂ ಬೆರೆಸಿದವರಿಲ್ಲ. ಆದರೆ ಆ ಹೆಸರು ಕೆಲವು ಪದಗಳ ಮೊದಲಕ್ಷರಗಳನ್ನು ಕೂಡಿಸಿ ಮಾಡಿದುದು. ಆ ಪದಗಳ ನಡುವೆ ‘ಉಪೇಕ್ಷಿತ’ ಎಂಬರ್ಥದ ಒಂದು ಮಾತು ಅಡಗಿದೆ. ಈ ದೋಷಕ್ಕೆ ಒಪ್ಪುವ ನಿಜವಾದ ಹೆಸರು ಅದೇ ಎಂದು ನಮ್ಮ ಅಭಿಪ್ರಾಯ.