ಗಿರ್ಮಿಟ್ಟಿಗೆ ಡಬ್ಬಿ ಯಾಕ್ರೀ?

ಬೆಂಗಳೂರಿನ ನಮ್ಮ ಏರಿಯಾದಲ್ಲಿ ಹೋದ ತಿಂಗಳು ಒಂದು ಹೊಸ ಅಂಗಡಿ ಶುರುವಾಯಿತು. ಬೋರ್ಡಿನ ಮೇಲೆ 'ಅಪ್ಪಟ ಉತ್ತರ ಕರ್ನಾಟಕದ ರುಚಿ' ಅಂತ ದಪ್ಪಕ್ಷರ. ನಾನು ಕಲಘಟಗಿ ತಾಲೂಕಿನ ದೇವಿಕೊಪ್ಪದವನು, ಇಂಥ ಬೋರ್ಡ್ ಕಂಡರೆ ಬೈಕ್ ಮುಂದೆ ಹೋಗೋದೇ ಇಲ್ಲ. ಗಿರ್ಮಿಟ್, ಶೇಂಗಾ ಹಿಂಡಿ, ಅಗಸಿ ಹಿಂಡಿ, ಪೇಡಾ, ಖಡಕ್ ರೊಟ್ಟಿ, ಐದೂ ಕಟ್ಟಿಸಿಕೊಂಡು ಬಂದೆ.

ಮೊದಲು ಬೋರ್ಡಿನ ಬಗ್ಗೆಯೇ ಒಂದು ತಕರಾರು. ಉತ್ತರ ಕರ್ನಾಟಕ ಅಂದರೆ ಒಂದೇ ತಾಟು ಅಲ್ಲ ನೋಡ್ರಿ. ನಮ್ಮ ಒಂದು ಜಿಲ್ಲೆಯೊಳಗೇ ನವಲಗುಂದದ ಕರಿ ಎರಿ ಭೂಮಿಯಲ್ಲಿ ಬಿಳಿಜೋಳ, ಕಡಲೆ. ಮಲೆನಾಡಿನ ಸೆರಗಿನಲ್ಲಿರೋ ಕಲಘಟಗಿ ಕಡೆ ಭತ್ತ. ಆದ್ದರಿಂದ 'ಅಪ್ಪಟ' ಅನ್ನೋ ಅಳತೆ ನನಗೆ ಬೇಡ. ನನ್ನ ಅಳತೆ ಬೇರೆ: ಬುತ್ತಿ. ಯಾವುದನ್ನು ಬುತ್ತಿ ಕಟ್ಟಬಹುದು, ಯಾವುದನ್ನು ನಿಂತಲ್ಲೇ ತಿನ್ನಬೇಕು ಅನ್ನೋದು ಅಂಗಡಿಯವನಿಗೆ ಗೊತ್ತಿರಬೇಕು. ಇಷ್ಟು ಗೊತ್ತಿದ್ದರೆ ಅರ್ಧ ಪಾಸು.

ಗಿರ್ಮಿಟ್‌ನಲ್ಲಿ ಈ ಅಂಗಡಿ ಫೇಲು. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನ ಎಣ್ಣೆಯಲ್ಲಿ ಬಾಡಿಸಿ, ಹುಣಸೆ ರಸ, ಬೆಲ್ಲ ಹಾಕಿ ಕುದಿಸಿದ ಗೊಜ್ಜು. ಅದಕ್ಕೆ ಚುರುಮುರಿ, ಪುಟಾಣಿ ಹಿಟ್ಟು, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನೀವು ಎದುರಿಗೆ ನಿಂತ ಮೇಲೇ ಕಲಿಸಿ ಕೊಡುತ್ತಾರೆ. ಅರ್ಧ ಚುರುಮುರಿ ಮೆತ್ತಗಾಗಿರಬೇಕು, ಅರ್ಧ ಇನ್ನೂ ಕರುಂ ಅನ್ನುತ್ತಿರಬೇಕು. ಅದರ ಆಯುಷ್ಯ ಐದೇ ನಿಮಿಷ. ಇಲ್ಲಿ ಮೊದಲೇ ಕಲಿಸಿ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಇಟ್ಟಿದ್ದರು. ಮನೆಗೆ ತಂದು ಮುಚ್ಚಳ ತೆಗೆದರೆ ಒಳಗಿದ್ದದ್ದು ಸುಸಲಾ, ಅದೂ ಒಗ್ಗರಣೆ ಕೆಟ್ಟ ಸುಸಲಾ. ಗೊಜ್ಜು, ಚುರುಮುರಿ, ಪುಟಾಣಿ ಹಿಟ್ಟು ಬೇರೆಬೇರೆ ಪೊಟ್ಟಣ ಕಟ್ಟಿ ಕೊಟ್ಟಿದ್ದರೆ ನಾವೇ ಕಲಿಸಿಕೊಳ್ಳುತ್ತಿದ್ದೆವು.

ಹಿಂಡಿ ಅಂದರೆ ಬೆಂಗಳೂರಿನ ಗೆಳೆಯರು ದನಕ್ಕೆ ಹಾಕೋದು ಅಂದುಕೊಳ್ಳುತ್ತಾರೆ. ನಮ್ಮ ಕಡೆ ಅದು ಚಟ್ನಿಪುಡಿ, ಹುಟ್ಟಿದ್ದೇ ಬುತ್ತಿಗೆ. ಶೇಂಗಾ ಹಿಂಡಿ ಛಲೋ ಇತ್ತು. ನುಣ್ಣಗೆ ಹಿಟ್ಟು ಮಾಡದೆ ತರಿತರಿಯಾಗಿ ಕುಟ್ಟಿದ್ದರು, ಬೆರಳಿಗೆ ಎಣ್ಣೆ ಹತ್ತುತ್ತಿತ್ತು, ಬೆಳ್ಳುಳ್ಳಿ ಗೊತ್ತಾಗುತ್ತಿತ್ತು. ಬಣ್ಣ ಬ್ಯಾಡಗಿ ಮೆಣಸಿನಕಾಯಿಯದು. 2011ರಲ್ಲಿ ಜಿಐ ಮಾನ್ಯತೆ ಪಡೆದ ಈ ಕಾಯಿ ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನದಾದರೂ ನಮ್ಮ ಕುಂದಗೋಳದ ಹೊಲಗಳಲ್ಲೂ ಬೆಳೆಯುತ್ತದೆ. ಬಣ್ಣ ಜಾಸ್ತಿ, ಖಾರ ಕಡಿಮೆ. ಅದಕ್ಕೇ ಕೆಂಪಗೆ ಕಂಡರೂ ನಾಲಿಗೆ ಸುಡೋದಿಲ್ಲ.

ಅಗಸಿ ಹಿಂಡಿ ಮಾತ್ರ ಕಮಟು. ತಪ್ಪು ಮಾಡಿದವರದ್ದಲ್ಲ, ಇಟ್ಟವರದ್ದು. ಅಗಸಿಯ ಎಣ್ಣೆ ಗಾಳಿ ತಾಗಿದರೆ ಬೇಗ ಕೆಡುತ್ತದೆ. ಇಡೀ ಕಾಳು ತಿಂಗಳುಗಟ್ಟಲೆ ಇರುತ್ತದೆ, ಪುಡಿ ಮಾಡಿದ ಮೇಲೆ ಇರೋದಿಲ್ಲ. ಕೊಳ್ಳುವಾಗ ಪ್ಯಾಕ್ ಮಾಡಿದ ತಾರೀಖು ನೋಡಿ, ತಂದ ಮೇಲೆ ಫ್ರಿಜ್‌ನಲ್ಲಿಡಿ.

ಪೇಡಾ ಅಂತೂ ಬರೀ ಹೆಸರಿಗೆ. ಬೆಳ್ಳಗಿನ ಹಾಲಿನ ಪೇಡಾವನ್ನು ಸಕ್ಕರೆಯಲ್ಲಿ ಹೊರಳಿಸಿಬಿಟ್ಟರೆ ಧಾರವಾಡದ್ದಾಗೋದಿಲ್ಲ. ಖೋವಾವನ್ನು ಕಂದು ಬಣ್ಣ ಬರುವ ತನಕ ಬಾಣಲೆಯಲ್ಲಿ ಹುರಿಯಬೇಕು. ಆ ಹುರಿದ ಘಮವೇ ಅದರ ಜೀವ. ತಮಾಷೆ ನೋಡಿ, ಜಿಐ ಮಾನ್ಯತೆ ಪಡೆದ ಈ 'ನಮ್ಮ' ಪೇಡಾ ಮಾಡಿದ್ದು ಉತ್ತರ ಪ್ರದೇಶದ ಉನ್ನಾವ್‌ನಿಂದ ಧಾರವಾಡಕ್ಕೆ ಬಂದ ಠಾಕೂರ್ ಮನೆತನ. ಲೈನ್ ಬಜಾರಿನಲ್ಲಿ ಪಾಳಿ ಹಚ್ಚಿ ನಿಲ್ಲುವವರು ಯಾರೂ 'ಇದು ಅಪ್ಪಟವೇ?' ಅಂತ ಕೇಳೋದಿಲ್ಲ. ಬಾಯಿಗಿಟ್ಟರೆ ಗೊತ್ತಾಗುತ್ತದೆ.

ಉಳಿದದ್ದು ರೊಟ್ಟಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳು ಬಡಿಯುತ್ತಿದ್ದ ಟಪ್ ಟಪ್ ಸಪ್ಪಳ ಹೊರಗೇ ಕೇಳುತ್ತಿತ್ತು. ಕಾಗದದಷ್ಟು ತೆಳ್ಳಗೆ, ಅಂಚು ಎಲ್ಲೂ ಸೀಳಿಲ್ಲ. ಸವದತ್ತಿ ಎಲ್ಲಮ್ಮನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವವರು ಗಂಟು ಕಟ್ಟಿ ಒಯ್ಯುತ್ತಿದ್ದದ್ದು ಇಂಥದ್ದನ್ನೇ. ರೊಟ್ಟಿಯಲ್ಲಿ ಹೆಸರಿಡಲಿಕ್ಕೆ ಏನೂ ಸಿಗಲಿಲ್ಲ. ಹಾಗಾಗಿ ರೇಟಿಗೆ ಹೆಸರಿಟ್ಟೆ. ಒಂದಕ್ಕೆ ಹನ್ನೆರಡು ರೂಪಾಯಿ!

ರಾತ್ರಿ ಅವ್ವನಿಗೆ ಫೋನ್ ಮಾಡಿದೆ. ನಾನು ಕೆಲಸಕ್ಕೆ ಸೇರಿದಾಗಿನಿಂದ ತಿಂಗಳಿಗೊಮ್ಮೆ ಬಸ್ಸಿನಲ್ಲಿ ರೊಟ್ಟಿ-ಹಿಂಡಿಯ ಚೀಲ ಕಳಿಸುತ್ತಿದ್ದಳು. ಒಂದು ವರ್ಷದಿಂದ ಬಲಗೈ ಭುಜ ಎತ್ತೋಕೆ ಆಗುತ್ತಿಲ್ಲ, ಚೀಲ ನಿಂತಿದೆ. "ರೊಟ್ಟಿ ಅಡ್ಡಿಯಿಲ್ಲ ಅವ್ವಾ, ಆದರ ಹನ್ನೆರಡು ರೂಪಾಯಿ ಭಾಳ ಆತು. ನಿನ್ನ ಕೈರುಚಿನೂ ಅಲ್ಲ" ಅಂದೆ.

"ಯಾಕಪಾ, ಭಾಳ ಯಾಕ? ನನಗ ಯಾರಾದರೂ ರೊಟ್ಟಿಗೆ ಒಂದೊಂದು ರೂಪಾಯಿ ಕೊಟ್ಟಿದ್ರ ಇಷ್ಟೊತ್ತಿಗೆ ಮನಿ ಮುಂದ ಕಾರು ನಿಂತಿರ್ತಿತ್ತು" ಅಂದಳು. ನಗುತ್ತಲೇ ಅಂದಳು. ನನಗೆ ನಗು ಬರಲಿಲ್ಲ. ಇನ್ನೂರೈವತ್ತರ ಕಾಫಿಗೆ ಸುಮ್ಮನೆ ಕಾರ್ಡ್ ಉಜ್ಜುವವನು ನಾನು. 'ಅವ್ವನ ಕೈರುಚಿ' ಅಂತ ಇಷ್ಟು ವರ್ಷ ಹೊಗಳಿದ್ದೇನೆ, ಆ ಕೈಯ ಲೆಕ್ಕ ಒಮ್ಮೆಯೂ ಹಾಕಿರಲಿಲ್ಲ.

ಮುಂದಿನ ವಾರ ಊರಿಗೆ ಹೊರಟಾಗ ಅದೇ ಅಂಗಡಿಯಲ್ಲಿ ಇಪ್ಪತ್ತು ರೊಟ್ಟಿ ಕಟ್ಟಿಸಿದೆ, ರೇಟಿನ ಮಾತೆತ್ತದೆ. ಬೆಂಗಳೂರಿನಿಂದ ದೇವಿಕೊಪ್ಪಕ್ಕೆ ರೊಟ್ಟಿ ಬುತ್ತಿ! ಅವ್ವ ಒಂದನ್ನು ಬೆಳಕಿಗೆ ಹಿಡಿದು ನೋಡಿದಳು, ಅಂಚು ಮುರಿದು ಬಾಯಿಗೆ ಹಾಕಿಕೊಂಡಳು.

"ಛಲೋ ಬಡದಾಳ. ಯಾ ಊರಾಕಿಯಂತ?"

ಕೇಳಿರಲಿಲ್ಲ. ಈ ಸಲ ಹೋದಾಗ ಕೇಳಬೇಕು.